ಸಿಸ್ಟರ್, ಅವನಿಗೆ ಹೇಳ್ರಿ

ಅಣ್ಣನ ಜೊತೆ ಮಾತು ಬಿಟ್ಟು ಎಷ್ಟು ವರ್ಷವಾಯಿತು ಎಂದು ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಲೆಕ್ಕ ಹೇಳಿದ್ದೇನೆ. ಕಾರಣ ಮಾತ್ರ ಒಂದೇ. ಅಮ್ಮನ ಕೊನೆಯ ದಿನಗಳಲ್ಲಿ ಅವನು ಅವಳನ್ನು ದಾವಣಗೆರೆಯ ನನ್ನ ಮನೆಯಿಂದ ಹದಡಿಯ ತನ್ನ ಮನೆಗೆ ಕರೆದುಕೊಂಡು ಹೋದ. ಫೋನ್ ಮಾಡಿದಾಗಲೆಲ್ಲ "ಆರಾಮಿದಾಳೆ" ಎಂದ. ನಾನು ಹೋದಾಗ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಶಾಮಿಯಾನದ ಬಣ್ಣ ನನ್ನ ನೆನಪಿನಲ್ಲಿ ಒಮ್ಮೆ ನೀಲಿ, ಒಮ್ಮೆ ಕೆಂಪು. ಸಿಟ್ಟಿನ ಬಣ್ಣ ಬದಲಾಗಿಲ್ಲ.

ಇಂಥ ನಾನು ಭಾನುವಾರದ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತೇನೆ. ಹರಿಹರದಲ್ಲಿ ನಿವೃತ್ತ ನರ್ಸೊಬ್ಬರಿದ್ದಾರೆ, ಎಲ್ಲರಿಗೂ ಅವರು ಸಿಸ್ಟರ್. ದೂರದೂರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಅವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಜೊತೆ ಕೂತು ಕಲಿತಿದ್ದನ್ನು ಇಲ್ಲಿಗೆ ತಂದರು. ಪಾದ್ರಿ ಇಲ್ಲ, ಹಾಡಿಲ್ಲ, ಗೋಡೆಯ ಮೇಲೆ ಒಂದು ಪಟವೂ ಇಲ್ಲ. ಅವರ ಮುಂಗೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿ ಸುಮ್ಮನೆ ಕೂರುವುದು. ಒಳಗಿನಿಂದ ಏನಾದರೂ ಎದ್ದರೆ ಹೇಳಬಹುದು, ಏಳದಿದ್ದರೆ ಇಲ್ಲ. ಕೊನೆಗೆ ಸಿಸ್ಟರ್ ಪಕ್ಕದವರ ಕೈ ಹಿಡಿದು ಕುಲುಕುತ್ತಾರೆ. ಆಗ ಕೂಟ ಮುಗಿಯಿತು. ಕೈ ಕೊಡುವವರೆಗೆ ಮುಗಿಯುವುದಿಲ್ಲ. ನಾವು ಯಾವುದೋ ಚೈನ್ ಸ್ಕೀಮು ನಡೆಸುತ್ತಿದ್ದೇವೆಂದು ಓಣಿಯವರು ಬಹಳ ದಿನ ನಂಬಿದ್ದರು.

ಸೋಫಾ ರಿಪೇರಿ ಮಾಡುವ ಭಾಯಿ ಮೊದಲಿನಿಂದಲೂ ಬರುತ್ತಿದ್ದರು. "ಮನ್ಯಾಗೆ ಮಾತು, ಅಂಗಡ್ಯಾಗೆ ಸುತ್ತಿಗೆ. ಕಿವಿಗೆ ರಜಾ ಸಿಗೋದು ಇದೊಂದೇ ಜಾಗ ನೋಡ್ರಿ" ಎನ್ನುತ್ತಿದ್ದರು.

ಆಮೇಲೆ ಒಂದು ಭಾನುವಾರ ನನ್ನ ಅಣ್ಣ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಅವನ ಕಾಲಿನ ಹುಣ್ಣಿಗೆ ಸಿಸ್ಟರ್ ಪಟ್ಟಿ ಕಟ್ಟಿದ್ದರಂತೆ. ಅವನು ಯಾರೆಂದು ಗೊತ್ತಿದ್ದೇ ಕರೆದರೋ, ಗೊತ್ತಿಲ್ಲದೆಯೋ, ನಾನು ಕೇಳಲಿಲ್ಲ. ನಾನು ಬಿಟ್ಟು ಹೋದರೆ ಅಮ್ಮನ ಹಾಗೆ ಈ ಕೋಣೆಯೂ ಅವನ ಪಾಲಾಗುತ್ತದೆ ಎಂದು ಉಳಿದೆ. ಧ್ಯಾನ ಎಂದು ನಾನು ಮಾಡಿದ್ದು ಅವನ ಚಪ್ಪಲಿಯನ್ನು ದ್ವೇಷಿಸುವುದನ್ನು. ಮೌನದಲ್ಲಿ ಅದು ಬಹಳ ಸಲೀಸು.

ತಿಂಗಳಿಗೊಮ್ಮೆ ಕೂಟದ ವಿಷಯಗಳನ್ನು ಮಾತಾಡಬೇಕಿತ್ತು. ಅದಕ್ಕೂ ಒಂದು ಪದ್ಧತಿ. ಓಟು ಹಾಕುವಂತಿಲ್ಲ, ಎಲ್ಲರೂ ಒಪ್ಪುವವರೆಗೆ ಕಾಯಬೇಕು. ಒಬ್ಬರು ಇನ್ನೊಬ್ಬರಿಗೆ ನೇರವಾಗಿ ಉತ್ತರ ಕೊಡುವಂತಿಲ್ಲ, ಹೇಳುವುದೇನಿದ್ದರೂ ನಡೆಸುವವರಿಗೆ, ಅಂದರೆ ಸಿಸ್ಟರಿಗೆ ಹೇಳಬೇಕು. ಇದನ್ನು ಕಲಿಯುವುದು ಉಳಿದವರಿಗೆ ಕಷ್ಟವಾಯಿತು. ನಾವು ಅಣ್ಣ ತಂಗಿ ಮಾತ್ರ ಹುಟ್ಟಾ ಕ್ವೇಕರುಗಳು. ನಮ್ಮ ಕಡೆ ಮಾತು ಬಿಟ್ಟ ಮನೆಗಳಲ್ಲಿ ಎಲ್ಲರೂ ಮಾಡುವುದು ಇದನ್ನೇ.

"ಸಿಸ್ಟರ್, ಫ್ಯಾನು ಜೋರೈತೆ. ಕೆಲವ್ರು ಮೊದ್ಲೇ ಕಲ್ಲು, ಇನ್ನೂ ತಣ್ಣಗಾಗ್ತಾರೆ" ಎಂದ ಅಣ್ಣ.

"ಸಿಸ್ಟರ್, ಅವನಿಗೆ ಹೇಳ್ರಿ, ತಡ್ಕೊಳಾಕೆ ಆಗದಿದ್ರೆ ಕಂಬಳಿ ಹೊದ್ಕೊಂಡು ಬರ್ಲಿ."

"ಸಿಸ್ಟರ್, ಕಂಬಳಿ ಐತೆ ಅಂತ ಹೇಳ್ರಿ. ಅಮ್ಮಂದು."

ಸಿಸ್ಟರ್ ಉಳಿದವರ ಕಡೆ ತಿರುಗಿ, "ನೋಡ್ರಿ, ಇವರಿಬ್ಬರದು ಎಂಥ ಶಿಸ್ತು. ಒಬ್ಬರ ಮೇಲೊಬ್ಬರು ಬೀಳದೆ ಎಲ್ಲ ನನ್ನ ಮುಂದೆ ಇಡ್ತಾರೆ" ಎಂದರು. ಭಾಯಿಗೆ ಕೆಮ್ಮು ಬಂತು.

ನಾವು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಕೂಟವಾಗಬೇಕು ಎಂದು ಸಿಸ್ಟರ್ ಪದೇಪದೇ ಹೇಳುತ್ತಿದ್ದರು. ನೋಡಿಕೊಳ್ಳುವುದು ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಅಮ್ಮನನ್ನು ಒಯ್ಯುವಾಗ ಅವನು ಬಳಸಿದ್ದು ಅದನ್ನೇ.

ಹೀಗಿರುವಾಗ ಸಿಸ್ಟರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಹೋದವು. ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ಭಾಯಿಯ ಹೆಂಡತಿ ಬಂದು ಮೈ ಒರೆಸಿ ಹೋಗುತ್ತಿದ್ದರು. ಹತ್ತಿರದವರು ಎಂದು ಇದ್ದದ್ದು ಎಲ್ಲೋ ದೂರದ ಒಬ್ಬ ಅಕ್ಕನ ಮಗ. ಅವನು ಫೋನಿನಲ್ಲಿ, "ನೀವೇ ಏನಾದ್ರೂ ಡಿಸೈಡ್ ಮಾಡಿ" ಎಂದ. ಅವರನ್ನು ಇನ್ನು ಎಲ್ಲಿ ಇಡಬೇಕು ಎಂದು ತೀರ್ಮಾನಿಸಲು ಮಂಚದ ಸುತ್ತ ಕುರ್ಚಿ ಹಾಕಿಕೊಂಡು ಕೂತೆವು. ಅಣ್ಣ, ನಾನು, ಭಾಯಿ, ಭಾಯಿಯ ಹೆಂಡತಿ.

ಮೊದಲು ಅಣ್ಣ ಹೇಳಿದ: "ಸಿಸ್ಟರ್, ನಿಮ್ಮನ್ನ ಹದಡಿಗೆ ಕರ್ಕೊಂಡು ಹೋಗ್ತೀನಿ. ಕೆಳಗಿನ ರೂಮು ಖಾಲಿ ಐತೆ. ನಾವು ನೋಡ್ಕೊಂತೀವಿ."

ಆ ರೂಮು ನನಗೆ ಗೊತ್ತು. ಅಮ್ಮ ಸತ್ತದ್ದು ಅಲ್ಲೇ.

"ಸಿಸ್ಟರ್, ಅವನಿಗೆ ಹೇಳ್ರಿ..." ಎಂದೆ. ಅಲ್ಲಿಗೇ ಮಾತು ನಿಂತಿತು. ಸಿಸ್ಟರ್ ಯಾರಿಗೂ ಏನೂ ಹೇಳುವಂತಿರಲಿಲ್ಲ. ಅವರು ನನ್ನನ್ನು ನೋಡಿದರು, ಅವನನ್ನು ನೋಡಿದರು, ಕಣ್ಣು ಮುಚ್ಚಿಕೊಂಡರು. ಹೊರಗೆ ತರಕಾರಿ ಗಾಡಿಯವನು ಕೂಗಿ ಹೋದ. ಭಾಯಿ ಅಂಗಡಿಯ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದರು. ನಾನು ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡೆ.

"ಅಮ್ಮನ್ನ ಒಯ್ದಂಗೆ ಇವರನ್ನ ಒಯ್ಯಾಕೆ ನಾನು ಬಿಡಲ್ಲ."

ಅವನು ನನ್ನ ಮುಖ ನೋಡಿದ. ಮುದುಕನಾಗಿದ್ದ. "ಒಯ್ದಂಗೆ ಅಂದ್ರೆ? ಅಮ್ಮ ಏನು ಗೋಣಿಚೀಲನಾ?"

"ಆರಾಮಿದಾಳೆ ಅಂದ್ಯಲ್ಲೋ, ಸಾಯೋವರೆಗೂ."

"ಆಕೆನೇ ಹೇಳಿದ್ಲು, ನಿನಗೆ ತಿಳಿಸಬ್ಯಾಡ ಅಂತ. ಬಂದು ಅಳ್ತಾಳೆ, ನನಗದು ಬ್ಯಾಡ ಅಂದ್ಲು."

"ಸುಳ್ಳು."

"ಸುಳ್ಳಾದ್ರೆ ಸುಳ್ಳೇ ಅನ್ಕೋ. ಹೋಗಿ ಕೇಳ್ತೀಯಾ ಆಕೇನ್ನ?"

ಭಾಯಿ ಬೀಗದ ಕೈ ಜೇಬಿಗೆ ಹಾಕಿದರು. "ಆಕೇನ್ನ ಕೇಳಾಕಾಗಲ್ಲ ಸರಿ. ಇವರು ಇನ್ನೂ ಇದಾರಲ್ರೀ. ಇವರನ್ನ ಕೇಳಿದ್ರಾ ಇಬ್ರೂ?"

ಕೇಳಿರಲಿಲ್ಲ. ನಾನು ಮಂಚದ ಕಡೆ ಬಾಗಿ, "ಸಿಸ್ಟರ್, ಇಲ್ಲೇ ಇರ್ತೀರಾ? ನಿಮ್ಮ ಮನ್ಯಾಗೇ?" ಎಂದೆ.

ಅವರ ಎಡಗೈ ಹೊದಿಕೆಯಿಂದ ಮೇಲೆದ್ದಿತು. ನಾನು ಹಿಡಿದೆ, ಕುಲುಕಿದೆ. ಕೂಟ ಮುಗಿಯಿತು, ತೀರ್ಮಾನವಾಯಿತು. ನಾನು ನೆನಪಿಟ್ಟುಕೊಂಡಿರುವುದು ಹೀಗೆ.

ಭಾಯಿ ಇದನ್ನು ಒಪ್ಪುವುದಿಲ್ಲ. "ಎಲ್ಲಿ ಕೈ ಕುಲುಕಿದ್ರು? ಬಾತ್‌ರೂಮಿಗೆ ಅವಸರ ಆಗಿತ್ತು, ಎಬ್ಬಿಸ್ರಿ ಅಂತ ಕೈ ಎತ್ತಿದ್ರು. ನಮ್ಮಾಕೆ ಓಡಿ ಹೋಗ್ಲಿಲ್ವಾ?" ಅವರ ಹೆಂಡತಿ ಓಡಿದ್ದು ನಿಜ. ಕೈ ಎತ್ತುವಾಗ ಸಿಸ್ಟರ್ ನೋಡುತ್ತಿದ್ದದ್ದು ತನ್ನನ್ನು ಎಂದು ಅಣ್ಣ ಹೇಳುತ್ತಾನೆ. ಮೂರೂ ನಿಜವಿರಬಹುದು. ನನ್ನದು ಬಹಳ ಅಚ್ಚುಕಟ್ಟಾಗಿದೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ. ಆದರೆ ನಾನು ಆ ಕೈ ಬಿಡಲಿಲ್ಲ. ಸಿಸ್ಟರ್ ಹರಿಹರದಲ್ಲೇ ಉಳಿದರು.

ಹಗಲು ಮತ್ತು ಶನಿವಾರ ರಾತ್ರಿ ಭಾಯಿಯ ಹೆಂಡತಿ ಇರುತ್ತಾರೆ. ಉಳಿದ ರಾತ್ರಿಗಳಲ್ಲಿ ಒಂದು ದಿನ ನಾನು, ಒಂದು ದಿನ ಅಣ್ಣ. ಆ ದಿನ ನಾನು ಅವನನ್ನು ಕ್ಷಮಿಸಿದೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತು. ಕ್ಷಮಿಸಿಲ್ಲ. ಮಧ್ಯದಲ್ಲಿ ಹೇಳುವವರು ಯಾರೂ ಇಲ್ಲದ್ದರಿಂದ ಈಗ ನೇರವಾಗಿ ಬೈದುಕೊಳ್ಳುತ್ತೇವೆ, ಅಷ್ಟೇ.

"ಏನಿದು ಗಂಜಿ? ಪಾತ್ರೆ ತೊಳೆದ ನೀರು ಇದ್ದಂಗೈತೆ" ಎನ್ನುತ್ತಾನೆ ಅವನು.

"ನೀನು ಹಾಸಿದ ಹಾಸಿಗೆ ನೋಡು ಮೊದ್ಲು. ಬೆನ್ನಿಗೆ ಹುಣ್ಣಾದ್ರೆ ನಿನ್ನ ಬಿಡಲ್ಲ."

"ಬಿಟ್ಟಿದ್ದು ಯಾವಾಗ?"

ಸಿಸ್ಟರ್ ಕೇಳುತ್ತ ಮಲಗಿರುತ್ತಾರೆ. ಬಾಯಿಯ ಎಡ ಮೂಲೆ ಸ್ವಲ್ಪ ಎಳೆಯುತ್ತದೆ. ಅದು ನಗೆಯೋ ಕಾಯಿಲೆಯೋ ನಾನು ಹೇಳಲಾರೆ.

ಭಾನುವಾರದ ಕೂಟ ಈಗ ಮಂಚದ ಸುತ್ತ. ಕೊನೆಗೆ ಅವರ ಎಡಗೈ ಏಳುತ್ತದೆ, ಈ ಸಲ ಅನುಮಾನವಿಲ್ಲದೆ. ಆ ಕೈ ಸಿಗುವುದು ಎಡಗಡೆಯ ಕುರ್ಚಿಯಲ್ಲಿ ಕೂತವರಿಗೆ ಮಾತ್ರ. ಮೊದಲ ವಾರಗಳಲ್ಲಿ ಆ ಕುರ್ಚಿ ಅವನದಾಯಿತು. ನಾನು ಮುಂಚಿನ ಬಸ್ಸಿಗೆ ಬರತೊಡಗಿದೆ. ಅವನು ಅದಕ್ಕೂ ಮುಂಚೆ ಹದಡಿ ಬಿಡತೊಡಗಿದ. ಕಳೆದ ಭಾನುವಾರ ನಾನು ಬಂದಾಗ ಓಣಿಯಲ್ಲಿ ಇನ್ನೂ ಯಾರೂ ಅಂಗಳಕ್ಕೆ ನೀರು ಹಾಕಿರಲಿಲ್ಲ. ಹಿಂದಿನ ರಾತ್ರಿಯಿಡೀ ಇದ್ದ ಭಾಯಿಯ ಹೆಂಡತಿ ಒಳಗಿನಿಂದ ಚಿಲಕ ಹಾಕಿ ಮಲಗಿದ್ದರು. ಅಣ್ಣ ಮೆಟ್ಟಿಲ ಮೇಲೆ ಕೂತಿದ್ದ.

"ಬಡೀಬ್ಯಾಡ. ಮಲಗಿದಾರೆ" ಎಂದ.

"ಗೊತ್ತೈತೆ" ಎಂದೆ. ಅವನು ಜರುಗಲಿಲ್ಲ. ಉಳಿದಿದ್ದ ಜಾಗದಲ್ಲಿ ನಾನೂ ಕೂತೆ.