ಪೊಖರಾದಲ್ಲಿ ಗೌರಮ್ಮನ ಲೋಟ

ನೇಪಾಳದ ಪೊಖರಾಕ್ಕೆ ಬಂದ ಮೊದಲ ವಾರ ನನ್ನ ಬನಿಯನ್ ಒಂದನ್ನು ನೋಡಿ ನನ್ನ ಹೆಂಡತಿ ಗೌರಮ್ಮ ಅತ್ತುಬಿಟ್ಟಳು. ಒಗೆದು ತಂತಿಯ ಮೇಲೆ ಹಾಕಿದ್ದನ್ನು ತೆಗೆಯಲು ಮರೆತಿದ್ದಳು, ಅದು ಮೂರು ದಿನ ಅಲ್ಲೇ ತೂಗಾಡಿತ್ತು. ನಾಲ್ಕನೆಯ ದಿನ ನೋಡಿದರೆ ಇನ್ನೂ ಬೆಳ್ಳಗೇ ಇದೆ. ಹಿಂದೆ ಮುಂದೆ ತಿರುಗಿಸಿದಳು, ಕೊಡವಿದಳು, "ಏನ್ರಿ, ಇದು ನಮ್ದ ಐತೇನು?" ಎಂದಳು. ನಮ್ಮದೇ ಎಂದೆ. ಅಷ್ಟಕ್ಕೇ ಕಣ್ಣಲ್ಲಿ ನೀರು. ಹೊಸಪೇಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ಸಂಡೂರಿನ ಕಬ್ಬಿಣದ ಅದಿರಿನ ಗುಡ್ಡಗಳು ಈಗ ಲಾರಿ ಹತ್ತಿ ನಮ್ಮ ಊರಿನ ಮೇಲೇ ಹಾದು ಹೋಗುತ್ತವೆ, ಹೋಗುವಾಗ ಪ್ರತಿ ಮನೆಗೂ ಸ್ವಲ್ಪ ಸ್ವಲ್ಪ ಕೊಟ್ಟು ಹೋಗುತ್ತವೆ. ಬೆಳಿಗ್ಗೆ ಹಾಕಿದ ಬಿಳಿ ಬಟ್ಟೆ ಮಧ್ಯಾಹ್ನಕ್ಕೆ ಇಟ್ಟಿಗೆಯ ಬಣ್ಣಕ್ಕೆ ಬಂದಿರುತ್ತದೆ.

ನಾನು ಹೊಸಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಆ ಹೊತ್ತಿಗೆ ಗೌರಮ್ಮನ ಕೆಮ್ಮಿಗೆ ನಾಲ್ಕು ವರ್ಷ ತುಂಬಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮಾಸ್ತರ, ಗುಳಿಗಿ ನಾ ಎಷ್ಟರ ಕೊಡ್ತೀನ್ರಿ. ಈ ಧೂಳು ಬಿಟ್ಟು ಎಲ್ಲೆರ ಹೋಗ್ರಿ" ಎಂದರು. ಎಲ್ಲಿಗೆ ಹೋಗುವುದು? ಕಂಪ್ಲಿಯಲ್ಲಿ ಮಗಳಿದ್ದಾಳೆ, ಆದರೆ ಅಳಿಯನ ಅಕ್ಕಿ ಗಿರಣಿ ಮನೆಗೆ ಅಂಟಿಕೊಂಡೇ ಇದೆ. ಅಲ್ಲಿ ಕೆಂಪು ಧೂಳಿನ ಬದಲು ಹೊಟ್ಟಿನ ಧೂಳು. ಬೀಗರ ಮನೆಯಲ್ಲಿ ಎಷ್ಟು ದಿನ ಅಂತ ಕೂರುವುದು ಎಂಬ ಮುಜುಗರ ಬೇರೆ. ಮೈಸೂರಿನಲ್ಲಿ ವಿಚಾರಿಸಿದರೆ ನನ್ನ ಪಿಂಚಣಿ ಬಾಡಿಗೆಗೇ ಸರಿಹೋಗುತ್ತಿತ್ತು. ಹೊಸಪೇಟೆಯೇನೂ ಅಗ್ಗವಾಗಿ ಉಳಿದಿರಲಿಲ್ಲ. ಅದಿರು ಸಾಗಿಸುವವನಿಗೂ ನನಗೂ ಬದನೆಕಾಯಿಯ ದರ ಒಂದೇ ತಾನೆ.

ಆಗ ದಾರಿ ತೋರಿಸಿದವನು ನಮ್ಮ ಬೀದಿಯ ಗೂರ್ಖಾ. ಇಪ್ಪತ್ತೆರಡು ವರ್ಷ ಸೀಟಿ ಊದುತ್ತ, ಕೋಲು ಬಡಿಯುತ್ತ ನಮ್ಮ ನಿದ್ದೆ ಕಾದವನು. ಬೆಳಕು ಹರಿದ ಮೇಲೆ ನಮ್ಮ ಕಾಂಪೌಂಡಿನ ಹತ್ತಿರ ಬಂದು ನಿಲ್ಲುತ್ತಿದ್ದ, ಗೌರಮ್ಮ ಚಹಾ ಕೊಡುತ್ತಿದ್ದಳು. ಹೇಗೆ ಕೊಡುತ್ತಿದ್ದಳು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಕಾಂಪೌಂಡ್ ಗೋಡೆಯಲ್ಲಿ ಒಂದು ಗೂಡಿದೆ. ಅದರಲ್ಲಿ ಒಂದು ಸ್ಟೀಲ್ ಲೋಟ ಬೋರಲಾಗಿ ಇರುತ್ತಿತ್ತು. ಅವನು ಅದನ್ನು ತೆಗೆದು ಹಿಡಿಯಬೇಕು, ಇವಳು ಮುಟ್ಟದಂತೆ ಮೇಲಿನಿಂದ ಸುರಿಯಬೇಕು, ಕುಡಿದ ಮೇಲೆ ನಳದ ಕೆಳಗೆ ತೊಳೆದು ಅವನೇ ಬೋರಲು ಹಾಕಿ ಹೋಗಬೇಕು. ಹೀಗೆ ಮಾಡು ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಆ ಲೋಟ ಗೌರಮ್ಮನ ಮದುವೆಯಲ್ಲಿ ಬಂದದ್ದು. ಉಡುಗೊರೆಯ ಪಾತ್ರೆಗಳ ಮೇಲೆ ಹೆಸರು ಹೊಡೆಸುವ ರೂಢಿಯಂತೆ ಅದರ ಮೇಲೂ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರಿತ್ತು. ಅಂಚು ನೆಗ್ಗಿತೆಂದು ಒಳಗಿನಿಂದ ಹೊರಗೆ ಬಂದಿತ್ತು. ಲಿಂಗಪೂಜೆಯ ಮನೆ, ಮಡಿ ಇರಬೇಕು ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡಿದ್ದೆವು. ಅದೇ ದಿನಗಳಲ್ಲಿ ನಾನು ಶಾಲೆಯ ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆದು, ಎಲ್ಲರ ರಕ್ತವೂ ಒಂದೇ ಬಣ್ಣ ಕಣ್ರಪ್ಪಾ ಎಂದು ಪಾಠ ಮಾಡುತ್ತಿದ್ದೆ.

ಅದಿರಿನ ಭರಾಟೆ ಬಂದಾಗ ಬೀದಿಯ ನಾಲ್ಕೈದು ಮನೆಯವರು ಟಿಪ್ಪರ್ ಇಟ್ಟರು, ಮಹಡಿಯ ಮೇಲೆ ಮಹಡಿ ಕಟ್ಟಿದರು. ಅವರಿಗೆ ಸೀಟಿ ಊದುವ ಮುದುಕ ಸಾಲದಾದ. ನೀಲಿ ಅಂಗಿ, ಟೋಪಿಯ ಸೆಕ್ಯೂರಿಟಿ ಬೇಕು ಎಂದರು. ಹಳಬನಿಗೆ ಹೋಗು ಎಂದು ಹೇಳಲು ಮಾತ್ರ ಯಾರಿಗೂ ಬಾಯಿ ಬರಲಿಲ್ಲ. "ಮಾಸ್ತರು ಹೇಳಿದ್ರ ಕೇಳ್ತಾನ" ಎಂದು ನನ್ನ ತಲೆಗೆ ಕಟ್ಟಿದರು. ನಾನು ಹೇಳಿದೆ. ಅವನು ಜಗಳವಾಡಲಿಲ್ಲ. "ಆತ್ರಿ ಸಾರ್" ಎಂದವನು ಗೂಡಿನ ಕಡೆ ನೋಡಿ, "ಅಮ್ಮಾರ, ಆ ಲೋಟ ನಾ ಒಯ್ಯಲೇನ್ರಿ?" ಎಂದು ಕೇಳಿದ. ಗೌರಮ್ಮ ಸಂಕೋಚದಿಂದ ಹೊಸದೊಂದನ್ನು ತರಲು ಒಳಗೆ ಹೋದಳು. ಬೇಡ, ಅದೇ ಬೇಕು ಎಂದ. ಅಂದು ವಿಳಾಸ ಬರೆದುಕೊಳ್ಳುವಾಗ ಮೊದಲ ಸಲ ಅವನ ಹೆಸರು ಕೇಳಿದೆ. ನರಬಹಾದುರ್. ಮರುವಾರ ಹೊಸ ಸೆಕ್ಯೂರಿಟಿಯವನಿಗಾಗಿ ಗೂಡಿನಲ್ಲಿ ಬೇರೊಂದು ಲೋಟ ಬಂತು.

ಆಮೇಲೆ ಪ್ರತಿ ದಸರೆಗೆ ಪೊಖರಾದಿಂದ ಅವನ ಫೋನು ಬರುತ್ತಿತ್ತು. ಒಂದು ವರ್ಷ ಗೌರಮ್ಮ ಮಾತನಾಡಲಾಗದಷ್ಟು ಕೆಮ್ಮಿದಳು. "ಅಮ್ಮಾರ, ಇಲ್ಲಿಗೆ ಬಂದುಬಿಡ್ರಿ. ನಮ್ಮ ಮ್ಯಾಲಿನ ಮನಿ ಖಾಲಿ ಐತಿ. ಗಾಳಿ ಭಾಳ ಚಲೋ ಐತಿ" ಎಂದ. ನೇಪಾಳಕ್ಕೆ ನಮ್ಮವರಿಗೆ ವೀಸಾ ಬೇಡ, ನಮ್ಮ ನೂರು ರೂಪಾಯಿ ಅಲ್ಲಿ ನೂರ ಅರವತ್ತು. ಬೀದಿಯವರು ನಕ್ಕರು. "ಮಂದಿ ಎಲ್ಲೆಲ್ಲಿಂದನೋ ಹೊಸಪೇಟಿಗೆ ಬರಾಕತ್ತಾರ, ನೀವು ಬಿಟ್ಟು ಹೊಂಟೀರಲ್ರಿ ಮಾಸ್ತರ!" ಮನೆಯನ್ನು ಒಬ್ಬ ಟಿಪ್ಪರ್ ಮಾಲೀಕನ ಸಂಸಾರಕ್ಕೆ ಬಾಡಿಗೆಗೆ ಕೊಟ್ಟೆವು. ಗೌರಮ್ಮ ಅವನ ಹೆಂಡತಿಗೆ ನಳ, ಹಿತ್ತಿಲು, ದೇವರ ಕೋಣೆ ಎಲ್ಲವನ್ನೂ ತೋರಿಸಿ ಕೊಟ್ಟಳು. ಗೋರಖಪುರದವರೆಗೆ ರೈಲು, ಆಮೇಲೆ ಬಸ್ಸು.

ನರಬಹಾದುರನ ಹೆಂಡತಿ ಮಾಯಾ ಬಾಗಿಲಲ್ಲೇ ನಮ್ಮ ಹಣೆಗೆ ತಿಲಕವಿಟ್ಟು ಒಳಗೆ ಕರೆದಳು. ಒಳಗೆ ಗಾಜಿನ ಶೋಕೇಸು. ಅದರ ನಡುವೆ, ಮಕ್ಕಳ ಮದುವೆಯ ಫೋಟೋಗಳ ಪಕ್ಕದಲ್ಲಿ, ತಿಕ್ಕಿ ಹೊಳೆಯಿಸಿದ ಆ ಲೋಟ. ಮಾಯಾ ಅದನ್ನು ಎರಡೂ ಕೈಯಲ್ಲಿ ತೆಗೆದು ಗೌರಮ್ಮನಿಗೆ ತೋರಿಸಿದಳು. ಅವಳ ಹಿಂದಿಯಲ್ಲಿ ನನಗೆ ತಿಳಿದದ್ದಿಷ್ಟು: ನಿಮ್ಮ ಹೆಸರಿರುವ ಮದುವೆಯ ಲೋಟವನ್ನೇ ನನ್ನ ಗಂಡನಿಗೆ ಕೊಟ್ಟಿರಿ, ಅಷ್ಟು ಪ್ರೀತಿ ಯಾರು ಮಾಡುತ್ತಾರೆ. ಗೌರಮ್ಮ ನನ್ನ ತೋಳು ಚಿವುಟಿದಳು. ಮಹಡಿಗೆ ಬಂದ ಮೇಲೆ ನಾನು ಅವಳಿಗೆ ಧೈರ್ಯ ಹೇಳಿದೆ. ಬೇರೆ ದೇಶದವನು, ನಮ್ಮ ಮಡಿ ಮೈಲಿಗೆ ಅವನಿಗೆಲ್ಲಿ ತಿಳಿಯುತ್ತದೆ, ಪ್ರೀತಿ ಎಂದೇ ತಿಳಿದಿದ್ದಾನೆ, ಹಾಗೇ ಇರಲಿ ಬಿಡು ಎಂದೆ. ಈ ಸಮಾಧಾನದ ಮೇಲೆ ಎಂಟು ತಿಂಗಳು ಸುಖವಾಗಿ ಮಲಗಿದೆ.

ಸುಖ ಎಂದರೆ ಸುಖವೇ. ಗೌರಮ್ಮನ ಕೆಮ್ಮು ಎರಡೇ ತಿಂಗಳಲ್ಲಿ ನಿಂತಿತು. ಕಿಟಕಿ ತೆರೆದರೆ ಮೀನಿನ ಬಾಲದಂತೆ ಸೀಳಿದ ಹಿಮದ ಬೆಟ್ಟ. ಮೊದಮೊದಲು ಅದರಲ್ಲಿ ಲಾರಿ ಹತ್ತುವ ದಾರಿ ಎಲ್ಲಿದೆ ಎಂದು ಹುಡುಕುತ್ತಿದ್ದೆ, ಕಣ್ಣಿನ ರೂಢಿ. ಇಲ್ಲಿಯವರು ಎದುರು ಸಿಕ್ಕರೆ "ಖಾನಾ ಖಾನುಭಯೋ?" ಎನ್ನುತ್ತಾರೆ. ನಮ್ಮ "ಊಟ ಆತೇನ್ರಿ?" ಎಂಬುದೇ ಅದು. ಜೋಳದ ಹಿಟ್ಟು ಸಿಗುವುದಿಲ್ಲ. ಗೌರಮ್ಮ ಗೋವಿನಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಹೋಗಿ ಹದಿನೈದು ದಿನ ಚೂರುಗಳನ್ನೇ ತಿನ್ನಿಸಿದಳು. ಹದಿನಾರನೆಯ ದಿನ ಒಂದು ಇಡಿಯಾಗಿ ಎದ್ದಾಗ ಮಾಯಾಳನ್ನು ಕೂಗಿ ಕರೆದು ತೋರಿಸಿದಳು. ಪಕ್ಕದ ಮನೆಯವರು ನನ್ನನ್ನೂ ತಿದ್ದಿದರು. ವಯಸ್ಸಿನಲ್ಲಿ ಹಿರಿಯನಾದವನನ್ನು ಬರಿ ಹೆಸರು ಹಿಡಿದು ಕರೆಯಬಾರದು, ದಾಯಿ ಎನ್ನಬೇಕು, ಅಂದರೆ ಅಣ್ಣ. ನರಬಹಾದುರ್ ನನಗಿಂತ ಮೂರು ವರ್ಷ ದೊಡ್ಡವರು ಎಂಬುದು ನನಗೆ ತಿಳಿದದ್ದೇ ಆಗ. ದೂರ ದೇಶಕ್ಕೆ ದುಡಿಯಲು ಹೋದವನಿಗೆ ಇಲ್ಲಿ ಲಾಹುರೆ ಎನ್ನುತ್ತಾರೆ. "ನಾ ಲಾಹುರೆ ಆಗಿ ನಿಮ್ಮೂರಿಗೆ ಬಂದಿದ್ದೆ, ಈಗ ನೀವು ಬಂದೀರಿ ಸಾರ್" ಎಂದು ಅವರು ನಗುತ್ತಿದ್ದರು. ನಾನು ದುಡಿಯಲು ಬಂದಿರಲಿಲ್ಲ. ಉಸಿರಾಡಲು ಬಂದಿದ್ದೆ, ಅದೂ ಅವರ ಮನೆಗೆ.

ಒಂದು ಬೆಳಿಗ್ಗೆ ಕುಡುಗೋಲು ಹದ ಮಾಡುವ ಕಮ್ಮಾರ ಬಂದ. ಅಂಗಳದ ಅಂಚಿನಲ್ಲಿ ಕೂತು ಕೆಲಸ ಮುಗಿಸಿದ. ಮಾಯಾ ಅವನಿಗೆ ಚಹಾ ತಂದಳು. ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಅವನು ಕಲ್ಲುಕಟ್ಟೆಯ ಸಂದಿಯಿಂದ ಒಂದು ಗಾಜಿನ ಲೋಟ ತೆಗೆದು ಹಿಡಿದ, ಅವಳು ಮೇಲಿನಿಂದ ಸುರಿದಳು. ಕುಡಿದು, ನಳದ ಕೆಳಗೆ ತೊಳೆದು, ಬೋರಲು ಹಾಕಿ ಹೋದ. ಚಿಕ್ಕ ಮೊಮ್ಮಗಳು ಆ ಲೋಟದತ್ತ ಕೈ ಚಾಚಿದಾಗ ಮಾಯಾ "ಜುಠೋ! ಜುಠೋ!" ಎಂದು ಗದರಿದಳು. ಆ ಶಬ್ದದ ಅರ್ಥವನ್ನು ಯಾರೂ ನನಗೆ ಹೇಳಬೇಕಾಗಲಿಲ್ಲ. ಎಂಜಲು, ಮೈಲಿಗೆ. ನಮ್ಮಲ್ಲಿಲ್ಲದಿದ್ದರೂ ಇಲ್ಲಿ ಕಮ್ಮಾರರು ಮುಟ್ಟಿಸಿಕೊಳ್ಳದ ಜಾತಿ. ಎಂಟು ತಿಂಗಳು ನಾನು ಮಲಗಿದ್ದ ಸಮಾಧಾನ ಅಲ್ಲೇ ಹರಿದುಹೋಯಿತು.

ದಾಯಿ ಗೋವಿನಜೋಳದ ತೆನೆಗಳನ್ನು ಬಿಸಿಲಿಗೆ ಹರಡುತ್ತಿದ್ದರು. ಹತ್ತಿರ ಹೋಗಿ ಕೂತೆ.

"ನಿಮಗ ಗೊತ್ತಿತ್ತೇನು ದಾಯಿ?"

"ಯಾವ್ದು ಸಾರ್?"

"ಲೋಟದ್ದು."

ಅವರು ತಲೆ ಎತ್ತಲಿಲ್ಲ. "ಮೊದಲನೇ ದಿನಾನ ಗೊತ್ತಾತ್ರಿ. ನಮ್ಮನಿಯಾಗೂ ಹಿಂಗ ಐತಲ್ರಿ."

"ಹಂಗಾರ ಯಾಕ ಕೇಳಿ ತಗೊಂಡು ಬಂದ್ರಿ?"

"ಇಕಿಗೆ ತೋರಸಬೇಕಂತ ತಂದೆ ಸಾರ್. ನೋಡು, ನಾನೂ ಇಪ್ಪತ್ತೆರಡು ವರ್ಷ ಹೊರಗ ನಿಂತು ಕುಡದೀನಿ, ನೀ ಕಮ್ಮಾರಗ ಹಿಂಗ ಮಾಡಬ್ಯಾಡ ಅಂತ ಹೇಳಬೇಕಂತ." ಒಂದು ತೆನೆಯನ್ನು ತಿರುಗಿಸಿ ಇಟ್ಟರು. "ಮನಿಗೆ ಬಂದೆ. ಮಕ್ಕಳು, ಸೊಸಿ, ಓಣಿ ಮಂದಿ ಎಲ್ಲಾರೂ ಕುಂತಿದ್ರು. ಆಕಿ ಲೋಟ ಹಿಡಕೊಂಡು, ಇದು ಯಾರ ಹೆಸರು ಅಂದ್ಲು. ಅಷ್ಟು ಮಂದಿ ಮುಂದ ಬಾಯಿಗೆ ಬರಲಿಲ್ರಿ. ಅಮ್ಮಾರು ಪ್ರೀತಿಲೆ ಕೊಟ್ರು ಅಂದುಬಿಟ್ಟೆ."

ನಾನೇ ಹೋಗಿ ಮಾಯಾಳಿಗೆ ನಿಜ ಹೇಳಿ ತಪ್ಪಾಯಿತು ಎನ್ನುತ್ತೇನೆ ಎಂದೆ. ಅವರು ಗಾಬರಿಯಿಂದ ನನ್ನ ಮುಂಗೈ ಹಿಡಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಬ್ಯಾಡ್ರಿ ಸಾರ್. ಆಕಿ ಇಡೀ ಓಣಿಗೆ ಹೇಳ್ಕೊಂಡಾಳ. ಈಗ ನಿಜ ಹೇಳಿದ್ರ ನಿಮ್ಮ ಮರ್ಯಾದಿ ಹೋಗಂಗಿಲ್ಲ, ನನ್ನದು ಹೋಗ್ತದ."

ಗೌರಮ್ಮನಿಗೆ ಎಲ್ಲವನ್ನೂ ಹೇಳಿದೆ. "ಹಂಗಾರ ಜೀವ ಇರೋತನಕ ಆಕಿ ಕಡಿಂದ ಹೊಗಳಿಸಿಕೊಂತ ಕುಂದರಬೇಕೇನ್ರಿ ನಾನು?" ಎಂದಳು. ಮುಂದಿನ ಸಲ ಕಮ್ಮಾರ ಬಂದಾಗ ಅವಳೇ ನಮ್ಮ ಒಳಗಿನ ಕಪ್ಪಿನಲ್ಲಿ ಚಹಾ ತೆಗೆದುಕೊಂಡು ಹೋಗಿ ಅವನ ಕೈಗೆ ಕೊಟ್ಟಳು. ಮಾಯಾಳ ಮುಖ ಸಣ್ಣಗಾಯಿತು. ಕಮ್ಮಾರ ಕುಡಿದು, ರೂಢಿಯಂತೆ ತೊಳೆದು, ಆ ಕಪ್ಪನ್ನೂ ಕಲ್ಲುಕಟ್ಟೆಯ ಮೇಲೆ ಬೋರಲು ಹಾಕಿ ಹೋದ. ಗೌರಮ್ಮ ಅದನ್ನು ಎತ್ತಿಕೊಂಡು ಮೇಲೆ ಬಂದಳು. ನಮ್ಮ ಊರಿನಲ್ಲಿ ಇದನ್ನು ಒಂದು ಸಲವಾದರೂ ಮಾಡಿದ್ದರೆ ಎಂದು ಇಬ್ಬರಿಗೂ ಅನ್ನಿಸಿತು.

ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ತಾವು ಬದುಕಿದ್ದೇವೆ ಎಂದು ಸಹಿ ಮಾಡಿ ಬರಬೇಕು. ಈ ಸಲ ಒಬ್ಬನೇ ಹೋದೆ. ಹೊಸಪೇಟೆಯಲ್ಲಿ ಇಳಿದು ಗಂಟೆಯೊಳಗೆ ಅಂಗಿಯ ಕಾಲರು ಕೆಂಪಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಕೆಂಪು ನೋಡಿ ನನಗೆ ಖುಷಿಯೂ ಆಯಿತು. ಅಂಗಡಿಯ ಮುಂದೆ ನಿಂತು ಒಗ್ಗಾಣಿ ಮಿರ್ಚಿ ತಿಂದೆ. ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕು, ಕೆಮ್ಮುತ್ತಲೇ "ನೀವು ಪಾರಾದ್ರಿ ಬಿಡ್ರಿ ಮಾಸ್ತರ" ಎಂದರು. ಅವರ ಮುಂದೆ ನನ್ನ ಆರೋಗ್ಯವೇ ಕದ್ದ ಮಾಲಿನಂತೆ ಅನ್ನಿಸಿತು.

ಸಹಿ ಮಾಡಿ ನಮ್ಮ ಮನೆಗೆ ಹೋದೆ. ಗೇಟು ತೆಗೆಯುವಾಗ ಗೂಡಿನ ಕಡೆ ಕಣ್ಣು ಹೋಯಿತು. ಲೋಟ ಇತ್ತು, ಬೋರಲಾಗಿ. ನೀಲಿ ಅಂಗಿಯ ಸೆಕ್ಯೂರಿಟಿಯವನು ಆಗಷ್ಟೇ ಅದನ್ನು ತೊಳೆದಿಟ್ಟು ಕೈ ಒರೆಸಿಕೊಳ್ಳುತ್ತಿದ್ದ. ಪಕ್ಕದ ಪಾಪಿನಾಯಕನಹಳ್ಳಿಯವನಂತೆ, ನನ್ನ ಮಗಳ ವಯಸ್ಸಿನವನು. ಬಾಡಿಗೆಗಿದ್ದ ಹೆಣ್ಣುಮಗಳು ಒಳಗಿನಿಂದಲೇ ನನ್ನ ನೋಟ ಗಮನಿಸಿ ಉತ್ಸಾಹದಿಂದ ಹೇಳಿದಳು: "ಅಮ್ಮಾರು ಹೋಗಾಗ ಹೇಳಿದ್ರಲ್ರಿ ಮಾಸ್ತರ, ಹೊರಗಿನವರ ಲೋಟ ಅಲ್ಲೇ ಇರಲಿ ಅಂತ. ಹಂಗ ಇಟ್ಟೀವಿ ನೋಡ್ರಿ. ಬರ್ರಿ, ಒಳಗ ಕುಂದ್ರಿ."

ಹುಡುಗ ಗೇಟಿನ ಹತ್ತಿರ ನಿಂತಿದ್ದ. ಅವನನ್ನೂ ಒಳಗೆ ಕರೆ ತಾಯಿ ಎನ್ನಬಹುದಿತ್ತು. ಆ ಲೋಟ ಒಳಗಿಡು ಎನ್ನಬಹುದಿತ್ತು. ಪೊಖರಾದಲ್ಲಿ ಹೇಳಬೇಡಿ ಎಂದು ಕೈ ಹಿಡಿದವರೊಬ್ಬರಿದ್ದಾರೆ. ಇಲ್ಲಿ ನನ್ನ ಕೈಯನ್ನು ಯಾರೂ ಹಿಡಿದಿರಲಿಲ್ಲ. ಬೇರೆಯವರ ಸಂಸಾರ, ಬಾಡಿಗೆಗೆ ಕೊಟ್ಟ ಮೇಲೆ ನಮ್ಮದೇನು ಮಾತು, ಊರು ಬಿಟ್ಟವನಿಗೆ ಯಾಕೆ ಬೇಕು ಎಂದೆಲ್ಲ ಒಳಗೊಳಗೇ ವಾದ ಹೂಡಿದೆ. ಒಳಗೆ ಹೋಗಿ, ನನ್ನ ಹಳೆಯ ಕುರ್ಚಿಯಲ್ಲಿ ಕೂತು, ಆಕೆ ಕೊಟ್ಟ ಒಳಗಿನ ಕಪ್ಪಿನಲ್ಲಿ ಚಹಾ ಕುಡಿದು ಎದ್ದು ಬಂದೆ.

ನಾಲ್ಕು ದಿನದ ಪ್ರಯಾಣ ಮುಗಿಸಿ ಪೊಖರಾಕ್ಕೆ ಮರಳಿದಾಗ ಕೆಳಗಿನ ಮನೆಗೆ ಯಾರೋ ನೆಂಟರು ಬಂದಿದ್ದರು. ಮಾಯಾ ಶೋಕೇಸಿನ ಮುಂದೆ ನಿಂತು ಲೋಟದ ಕತೆ ಹೇಳುತ್ತಿದ್ದಳು. ನನ್ನನ್ನು ಕಂಡು, ಹೌದೋ ಅಲ್ಲವೋ ಇವರನ್ನೇ ಕೇಳಿ ಎಂದು ನೆಂಟರಿಗೆ ಹೇಳಿದಳು. ದಾಯಿ ನನ್ನ ಮುಖ ನೋಡಿದರು. ಹೌದು ಎಂದು ತಲೆಯಾಡಿಸಿ ಮೆಟ್ಟಿಲು ಹತ್ತಿದೆ. ಗೌರಮ್ಮ ಬಾಗಿಲಲ್ಲೇ ನನ್ನ ಕೆಂಪು ಕಾಲರನ್ನು ಮುಟ್ಟಿ ನೋಡಿ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡಳು.

"ನಮ್ಮ ಮನಿ ಹೆಂಗೈತ್ರಿ?"

"ನೀ ಇಟ್ಟು ಬಂದಂಗ ಐತಿ" ಎಂದೆ.