ತಲೆಕೆಳಗಾಗಿ ನಿಂತ ಸಂತ ಅಂತೋನಿ

ಮೆಕ್ಸಿಕೊದ ಪ್ವೆಬ್ಲಾ ಪಟ್ಟಣದ ಹಳೇ ಚರ್ಚಿನ ಬಾಗಿಲಲ್ಲಿ ಗೆಣಸಿನ ಮಿಠಾಯಿ ಮಾರುತ್ತಿದ್ದ ತ್ರಾನ್ಸಿತೊಗೆ ದೇವರ ಮೇಲೆ ಭಕ್ತಿ ಜಾಸ್ತಿ, ಸಲುಗೆ ಅದಕ್ಕಿಂತ ಜಾಸ್ತಿ. ಅವಳ ಮಿಠಾಯಿಯೋ, ಹಲ್ಲಿಲ್ಲದವರೂ ಹುಡುಕಿಕೊಂಡು ಬರುತ್ತಿದ್ದರು. ಅದಿರಲಿ, ಮಿಠಾಯಿಯ ಕಥೆ ಹಿಡಿದರೆ ಮದುವೆಯ ಕಥೆ ಉಳಿದುಬಿಡುತ್ತದೆ.

ಮಗಳು ಎರ್ಲಿಂದಾಗೆ ಮೂವತ್ತಾರು ತುಂಬಿದರೂ ಗಂಡು ಕೂಡಿಬಂದಿರಲಿಲ್ಲ. ಗಂಡು ಹುಡುಕಿಕೊಡುವುದು ಸಂತ ಅಂತೋನಿಯ ಕೆಲಸ. ಕೊಡದಿದ್ದರೆ ಅವನನ್ನು ತಲೆಕೆಳಗಾಗಿ ನಿಲ್ಲಿಸುವುದು ತಾಯಂದಿರ ಕೆಲಸ. ಮಿಕ್ಕವರು ಮನೆಯ ಪುಟ್ಟ ಗೊಂಬೆಯನ್ನು ತಿರುಗಿಸಿಡುತ್ತಾರಪ್ಪ. ತ್ರಾನ್ಸಿತೊ ನೆಟ್ಟಗೆ ಚರ್ಚಿಗೇ ನುಗ್ಗಿ, ಮೂಲೆಯ ಗೂಡಿನಲ್ಲಿದ್ದ ಮರದ ಸಂತನನ್ನೇ ಕಾಲು ಮೇಲೆ ಮಾಡಿ ಗೋಡೆಗೆ ಒರಗಿಸಿದಳು.

"ನೋಡಪ್ಪಾ, ಗಂಡು ಕೊಟ್ರೆ ಎತ್ತಿ ನಿಲ್ಲಿಸ್ತೀನಿ. ಮದುವೆ ಹೊತ್ತಿಗೆ ನಿಲ್ಲಿಸ್ಲಿಲ್ಲ ಅಂದ್ರೆ ಗಂಡನ್ನ ವಾಪಸ್ ತಗೊಂಡ್ಬಿಡು."

ಪಾದ್ರಿಗಳಿಗೆ ಕಣ್ಣು ಮಂಜು, ಗೊತ್ತಾಗಲಿಲ್ಲ. ಕಣ್ಣಿಗೆ ಬಿದ್ದದ್ದು ಪ್ರವಾಸಿಗರಿಗೆ ಚರ್ಚು ತೋರಿಸುವ ಲಿಬೊರಿಯೊಗೆ. 'ಗೊತ್ತಿಲ್ಲ' ಎಂಬ ಮಾತು ಆ ಪುಣ್ಯಾತ್ಮನ ಬಾಯಿಂದ ಎಂದೂ ಬಂದದ್ದಿಲ್ಲ.

"ಇದು ವಿನಯದ ಭಂಗಿ! ಮುನ್ನೂರು ವರ್ಷದಿಂದ ಹೀಗೇ ಇದೆ!" ಎಂದುಬಿಟ್ಟ, ಯಾಕೆ ಹೀಗೆ ಎಂದು ಕೇಳಿದ ಪ್ರವಾಸಿಗರಿಗೆ.

ಜನ ಮುಗಿಬಿದ್ದರು. ಫೋಟೋ ತೆಗೆಯಲು ಹೋಗಿ ಕತ್ತು ಉಳುಕಿಸಿಕೊಂಡರು. ಗೂಡಿಗೆ ಹಗ್ಗ ಬಂತು, 'ಮುಟ್ಟಬೇಡಿ' ಎಂಬ ಹಲಗೆ ಬಂತು. ದಿನವೂ ಮಿಠಾಯಿಗೆಂದು ನಿಲ್ಲುತ್ತಿದ್ದ ಲಿಬೊರಿಯೊ ಒಂದು ದಿನ ಎರ್ಲಿಂದಾಳನ್ನೇ ಕೊಡಿ ಎಂದು ಕೇಳಿದ.

ಮದುವೆಯ ಹಿಂದಿನ ದಿನ ತ್ರಾನ್ಸಿತೊ ಅವನಿಗೆ ನಿಜ ಹೇಳಿದಳು: ಸಂತನನ್ನು ತಿರುಗಿಸಿದ್ದು ತಾನೇ, ಹರಕೆಯಂತೆ ಮದುವೆಗೆ ಮುಂಚೆ ಎತ್ತಿ ನಿಲ್ಲಿಸಲೇಬೇಕು.

"ಅಯ್ಯೋ ಅತ್ತೆ, ಅವನು ನೆಟ್ಟಗಾದ್ರೆ ನನ್ನ ಹೊಟ್ಟೆಪಾಡು ತಲೆಕೆಳಗಾಗತ್ತೆ!"

"ಆಗದಿದ್ರೆ ನೀನು ನಾಳೆ ಓಡಿಹೋಗ್ತೀಯ. ನಿನ್ನ ಎಳ್ಕೊಂಡು ಬಂದೋನು ಅವನೇ ಕಣೋ!"

"ನನ್ನ ಇಷ್ಟಪಟ್ಟು ಬಂದ ಅಂದ್ಕೊಂಡಿದ್ದೆ ಅಮ್ಮಾ," ಎಂದಳು ಪಕ್ಕದಲ್ಲೇ ಇದ್ದ ಎರ್ಲಿಂದಾ.

"ಸುಮ್ನಿರೇ! ಇಷ್ಟು ವರ್ಷ ನೀನು ಇಲ್ಲೇ ಇದ್ಯಲ್ಲ, ಅವನ್ಯಾಕೆ ಬರ್ಲಿಲ್ಲ?"

ಮದುವೆ ಇದ್ದದ್ದು ಸಂಜೆಗೆ. ಬೆಳಗಿನ ಗುಂಪನ್ನು ಬಿಡಲು ಲಿಬೊರಿಯೊಗೆ ಮನಸ್ಸು ಬರಲಿಲ್ಲ. ಅವನು ವಿನಯದ ಬಗ್ಗೆ ಕೊರೆಯುತ್ತಿರುವಾಗಲೇ ತ್ರಾನ್ಸಿತೊ ಲಂಗ ಎತ್ತಿ ಹಗ್ಗ ದಾಟಿದಳು, ಸಂತನ ಮೂಗಿನ ಧೂಳು ಸೆರಗಿನಂಥ ಶಾಲಿನಲ್ಲಿ ಒರೆಸಿದಳು, ಕಾಲ ಮೇಲೆ ನಿಲ್ಲಿಸಿಯೇಬಿಟ್ಟಳು.

ಲಿಬೊರಿಯೊನ ಮುಖ ಬಿಳಿಚಿಕೊಂಡಿತು. ಒಂದೇ ಕ್ಷಣ, ಅಷ್ಟೇ.

"ಮಹನೀಯರೇ, ನೀವೇ ಪುಣ್ಯವಂತರು! ತಲೆಮಾರಿಗೊಮ್ಮೆ ಸಂತ ಎದ್ದು ನಿಲ್ಲೋದು ಇವತ್ತೇ!"

ಚಪ್ಪಾಳೆಯೋ ಚಪ್ಪಾಳೆ. ಅವನು ಮೆಲ್ಲಗೆ ತ್ರಾನ್ಸಿತೊಳ ಕಿವಿಗೆ ಬಗ್ಗಿದ.

"ಅತ್ತೆ, ನಾಳೆ ಮತ್ತೆ ತಿರುಗಿಸಿಟ್ಟು ಎತ್ತೋಣ್ವಾ?"

"ತಿರುಗಿಸಿದ್ರೆ ಎರ್ಲಿಂದಾಗೆ ಇನ್ನೊಬ್ಬ ಗಂಡು ಬರ್ತಾನೆ. ಅವನನ್ನೂ ನಿಮ್ಮನೇಲೇ ಇಟ್ಕೋತೀಯೇನೋ?"

ಲಿಬೊರಿಯೊ ತಾನೇ ಹೋಗಿ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದ.