ಜಡ್ಡಿನ ಡಬ್ಬಿ

ಗದಗ ಸ್ಟೇಶನ್ನಿನ ಬಾಕಿನ ಮ್ಯಾಲೆ ಮಗಳು ಗಿರಿಜಾನ ಜೋಡಿ ಕುಂತೇನಿ. ಮುಂದ ಗೂಡ್ಸ್ ಗಾಡಿಯೊಂದು ಬಂದು ನಿಂತಿತು. ಬ್ರೇಕು ಹತ್ತಿ ಕಾದ ಕಬ್ಬಿಣದ ವಾಸನಿ. ನನ್ನ ಗಂಡನ ಅಂಗಿಗೂ ಇದ ವಾಸನಿ ಇತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಅವರದು ರೈಲ್ವೆದಾಗ ಗೂಡ್ಸ್ ಗಾಡಿಯ ಡಬ್ಬಿ ಕೂಡಿಸುವ, ಬಿಡಿಸುವ ಕೆಲಸ. ನೀವು ನೋಡಿರಲಿಕ್ಕಿಲ್ಲ, ಆಗ ಇಂಜಿನ್ನು ಹಿಂದಿನಿಂದ ಒಂದು ಹೊಡ್ತ ಕೊಟ್ಟು ಬಿಟ್ಟುಬಿಡುತ್ತಿತ್ತು. ಡಬ್ಬಿ ಒಂದ ಉರುಳಿಕೊಂತ ಹೋಗುತ್ತಿತ್ತು, ಸಪ್ಪಳಿಲ್ಲದ, ಸಂಜಿಮುಂದ ಮನಿಗೆ ಹೊಂಟ ಎಮ್ಮಿಯಂಗ. ಇವರು ಅದರ ಜೋಡಿ ಓಡಿ, ಮಗ್ಗಲಿನ ಉದ್ದನ್ನ ಬ್ರೇಕಿನ ಹಿಡಿಕಿ ಮ್ಯಾಲೆ ಜಿಗಿದು, ಮೈಭಾರ ಹಾಕಿ ನಿಲ್ಲಿಸಬೇಕು.

ಕೆಟ್ಟ ಡಬ್ಬಿಗೆ ಚೀಟಿ ಹಚ್ಚಿ ನಮ್ಮ ಮನಿ ಹಿಂದಿನ ಲೈನಿನಾಗ ನಿಲ್ಲಿಸುತ್ತಿದ್ದರು. ಜಡ್ಡಿನ ಡಬ್ಬಿ ಅಂತಿದ್ವಿ. ವಾರಗಟ್ಟಲೆ ಅಲುಗುತ್ತಿರಲಿಲ್ಲ. ನಮ್ಮ ತಗಡಿನ ಮನಿ ಬ್ಯಾಸಗಿಯಾಗ ರೊಟ್ಟಿ ಹಂಚು. ಡಬ್ಬಿ ಮ್ಯಾಲೆ ಬೇವಿನ ನೆರಳು, ಎರಡೂ ಬಾಗಿಲ ತೆರೆದರ ಕಪ್ಪತಗುಡ್ಡದ ಗಾಳಿ. ಅವರು ಹತ್ತಬ್ಯಾಡ ಅಂದಿದ್ದರು. ನಾ ಕೇಳಬೇಕಲ್ಲ. ಮೂರು ತಿಂಗಳ ಗಿರಿಜಾನ್ನ ಅಲ್ಲಿ ಕೌದಿ ಮ್ಯಾಲೆ ಮಲಗಿಸಿ ನಳಕ್ಕ ಹೋಗುತ್ತಿದ್ದೆ.

ಒಂದಿನ ಚೀಟಿ ಬದಲಾಗಿತ್ತು. ರಿಪೇರಿ ಆಗೇತಿ, ಒಯ್ಯಬಹುದು ಅಂತ ಬರೆದಿತ್ತಂತ. ಎರಡನೇತ್ತಕ್ಕ ಶಾಲಿ ಬಿಟ್ಟವಳಿಗೆ ಇಂಗ್ಲಿಷಿನ ಚೀಟಿ ಎಲ್ಲಾ ಒಂದ. ಕೊಡ ತುಂಬಿ ತಿರುಗಿ ನೋಡಿದರ ಇಂಜಿನ್ನಿನ ಹೊಡ್ತಕ್ಕ ಡಬ್ಬಿ ಹೊಂಟಿತ್ತು. ಬೇವಿನ ನೆರಳು ಅದರ ಮೈಮ್ಯಾಲಿಂದ ಮೆಲ್ಲಕ ಜಾರಿತು. ಮುಂದ ಬ್ಯಾರೆ ಡಬ್ಬಿಗಳ ಸಾಲು. ಕೊಡ ಒಗೆದು ಓಡಿದೆ, ಕನಸಿನಾಗ ಓಡಿದಂಗ, ಬಾಯಿಂದ ದನಿ ಹೊರಡವಲ್ಲದು. ಅವರು ಎಲ್ಲಿಂದಲೋ ಬಂದು ಹಿಡಿಕಿ ಮ್ಯಾಲೆ ಬಿದ್ದರು. ಸಾಲಿಗೆ ಬಡಿಯೋದರೊಳಗ ಡಬ್ಬಿ ನಿಂತಿತು. ನನ್ನ ಕಡೆ ನೋಡದ ಇಂಜಿನ್ನಿನತ್ತ ನಡೆದರು. ಹತ್ತಿ ನೋಡಿದೆ. ಕೂಸು ನಿದ್ದಿಯಾಗಿತ್ತು.

ಅವರಿಗೆ ಗೊತ್ತಾಗಿಲ್ಲ ಅಂತ ಬಾಯಿ ಹೊಲಕೊಂಡೆ. ಗೊತ್ತಾದರ ಈಕಿ ಕೈಯಾಗ ಕೂಸು ಬಿಡಬಾರದು ಅಂದಾರು ಅಂತ ಅಂಜಿಕಿ. ಅವರು ಹೋದ ಮ್ಯಾಲೂ ಬಿಚ್ಚಲಿಲ್ಲ. ಇವತ್ತು ಈ ಬಾಕಿನ ಮ್ಯಾಲೆ ಗಿರಿಜಾಗ ಎಲ್ಲಾ ಹೇಳಿ, ಬೈದರ ಬೈಲಿ ಅಂತ ಕುಂತೆ.

"ಗೊತ್ತೈತಿ ಬಿಡವ್ವಾ," ಅಂದಳು. "ಬಾಗಿಲೊಳಗ ಕೌದಿ ಕಂಡ ಜಿಗಿದಿದ್ದನಂತ ಅಪ್ಪ. 'ನಾ ನೋಡಿದ್ದು ಗೊತ್ತಾದರ ನಿಮ್ಮವ್ವ ಮತ್ತ ಮಾರಿ ಎತ್ತಂಗಿಲ್ಲ, ಹೇಳಬ್ಯಾಡ' ಅಂದಿದ್ದ."

ಆವತ್ತು ಸಂಜಿಗೆ ಅವರು ಕೂಸನ್ನ ತೊಡಿಯಿಂದ ಇಳಿಸದ, ಒಂದ ಕೈಲೆ ರೊಟ್ಟಿ ಮುರಿದು ಉಂಡಿದ್ದರು. ಏನಿದು ಹೊಸಾ ಚಾಳಿ, ಇಲ್ಲಿ ಕೊಡ್ರಿ ಅಂತ ನಾನ ಬೈದಿದ್ದೆ.

ಈಗ ಸಿಟ್ಟು ಬಂದೈತಿ. ಅವರು ಆಗ ಹೇಳಿದ್ದರ ಒಮ್ಮೆ ಅತ್ತು ಮುಗಿಸುತ್ತಿದ್ದೆ. ಸ್ಟೇಶನ್ನಿನ ಮಂದಿ ಎದುರಿಗೆ, ಸತ್ತ ಗಂಡನ್ನ ಬೈಕೊಂತ ಕುಂತೇನಿ. ಗಿರಿಜಾ ನನ್ನ ಸುಮ್ಮನಿರಸಾಕ ಬರವಲ್ಲಳು.